ನಾಲ್ಕು ಸಾಲು

ಓದುತ್ತಿದ್ದಾಗ ನಾವು ಹೊರತಂದ ಪ್ರಾಯೋಗಿಕ ಪತ್ರಿಕೆಯ ಒಂದು ಸಂಚಿಕೆಯಲ್ಲಿ ಮಾಗಡಿ ಕೆರೆಯ ಮೇಲೆ ಅರ್ಧ ಪುಟದ ವರದಿ ಇತ್ತು. ಬರೆದವರು ನಾವು ಮೂವರು. ತಲೆಬರಹ ‘ವಿದೇಶಿ ಅತಿಥಿಗಳಿಗೆ ಡಬ್ಬಿ ಬಡಿತದ ಸ್ವಾಗತ’. ಅದು ಹೊಳೆದ ರಾತ್ರಿ ಗದಗದ ಬಸ್ ಸ್ಟ್ಯಾಂಡ್ ಹತ್ತಿರ ಗಿರ್ಮಿಟ್ಟು, ಮಿರ್ಚಿ ತಿಂದು ಸಂಭ್ರಮಪಟ್ಟಿದ್ದೆವು. ಮಾಗಡಿಯ ಹಕ್ಕಿಗಳನ್ನು ‘ವಿದೇಶಿ ಅತಿಥಿಗಳು’ ಎಂದು ಎಲ್ಲ ಪತ್ರಿಕೆಗಳೂ ಬರೆಯುತ್ತವೆ. ಆದರೆ ಡಬ್ಬಿಯನ್ನು ಹುಡುಕಿದವರು ನಾವೇ ಮೊದಲು ಅಂತ ನಮ್ಮ ಹೆಮ್ಮೆ.

ಮಾಗಡಿ ನೋಡಿರದವರಿಗೆ ಎರಡು ಮಾತು. ಶಿರಹಟ್ಟಿ ತಾಲ್ಲೂಕಿನ ಊರು, ಗದಗದಿಂದ 26 ಕಿಲೋಮೀಟರ್. ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲೆಂದು ಕಟ್ಟಿದ ಕೆರೆ ಅದು, ಸುಮಾರು 54 ಹೆಕ್ಟೇರ್. ನವೆಂಬರಿನಿಂದ ಮಾರ್ಚ್ ತನಕ ಅಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದವು. 2024ರ ಜನವರಿ 31ರಂದು ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಮಾಗಡಿಯ ಹೆಸರೂ ರಾಮ್ಸಾರ್ ಪಟ್ಟಿಗೆ ಸೇರಿತು ಎಂದು ಕೇಂದ್ರ ಸರ್ಕಾರ ಪ್ರಕಟಿಸಿತು. ನಾವು ಹೋದದ್ದು ಅದೇ ವರ್ಷದ ಡಿಸೆಂಬರಿನಲ್ಲಿ.

ಹೆಬ್ಬಾತು ಹಗಲೆಲ್ಲ ನೀರಿನ ಮೇಲೆ, ಇಲ್ಲ ದಂಡೆಯಲ್ಲಿ. ಹೊತ್ತು ಇಳಿದ ಮೇಲೆ ಹೊಲಕ್ಕೆ ಬರುತ್ತದೆ. ಅದು ಮೀನು ತಿನ್ನುವ ಹಕ್ಕಿಯಲ್ಲ. ಹುಲ್ಲು, ಕಡಲೆಯ ಕುಡಿ, ನೆಲದಲ್ಲಿ ಉಳಿದ ಶೇಂಗಾ, ಇವು ಅದರ ಊಟ. ಕೆರೆಯ ಮಗ್ಗುಲಲ್ಲೇ ಮೂರೆಕರೆ ಕಡಲೆ ಬಿತ್ತಿದ್ದ ಒಬ್ಬ ಅಜ್ಜ ಸಂಜೆ ಎಣ್ಣೆ ಡಬ್ಬಿ ಬಡಿಯುತ್ತ ಬದುವಿನ ಮೇಲೆ ಓಡಾಡುತ್ತಿದ್ದರು. ಫೋಟೋ ಚೆನ್ನಾಗಿ ಬಂತು. ಎತ್ತಿದ ಕೈ, ಕೈಯಲ್ಲಿ ಕೋಲು, ಹಿಂದೆ ಕೆಂಪು ಆಕಾಶ.

ಅಜ್ಜ ನಮ್ಮ ಜೊತೆ ಒಂದು ತಾಸು ಮಾತಾಡಿದರು. ನೋಟ್‌ಬುಕ್‌ನಲ್ಲಿ ಎಲ್ಲ ಇದೆ. ಅದರಲ್ಲಿ ಈ ಮಾತೂ ಇದೆ: “ಕೆರಿ ಕಡೆ ನಾಕ ಸಾಲು ನಾ ಮುಟ್ಟೂದಿಲ್ರಿ. ಅವು ತಿನ್ನಲಿ. ಅಷ್ಟ ದೂರದಿಂದ ಬಂದಿರ್ತಾವ. ಈ ಕಲ್ಲು ದಾಟಿ ಈಚೆ ಬಂದ್ರ ಮಾತ್ರ ಡಬ್ಬಿ.” ಕಲ್ಲನ್ನೂ ತೋರಿಸಿದ್ದರು. ನಾಲ್ಕು ಸಾಲುಗಳ ಕೊನೆಯಲ್ಲಿ ಸುಣ್ಣ ಬಳಿದ ಒಂದು ಕಲ್ಲು.

ಪುಟ ಕಟ್ಟುವಾಗ ವರದಿ ಉದ್ದವಾಯಿತು. ಕಂಪ್ಯೂಟರ್ ಮುಂದೆ ಕೂತವನು ನಮ್ಮಲ್ಲೇ ಒಬ್ಬ. “ನಾಲ್ಕು ಸಾಲು ತೆಗೀರಿ, ಇಲ್ಲಾಂದ್ರೆ ಫೋಟೋ ಸಣ್ಣದು ಮಾಡಬೇಕಾಗ್ತದೆ” ಎಂದ. ಫೋಟೋ ಸಣ್ಣದು ಮಾಡಲು ಯಾರಿಗೂ ಮನಸ್ಸಿರಲಿಲ್ಲ. ತೆಗೆದೆವು. ಯಾವ ನಾಲ್ಕು ಸಾಲು ಎಂದು ನೀವೇ ಊಹಿಸಿರುತ್ತೀರಿ.

ಅದರಿಂದ ಏನಾಯಿತು ಎಂಬುದು ನಮಗೆ ಗೊತ್ತಾದದ್ದು ಒಂದು ವರ್ಷದ ಮೇಲೆ, ಲಕ್ಷ್ಮೇಶ್ವರದ ಬಸ್ಸಿನಲ್ಲಿ. ಪಕ್ಕ ಕೂತವರು ಅದೇ ಕಡೆಯವರು. ಮಾತಿಗೆ ಮಾತು ಬಂತು. ಪುಟದ ಫೋಟೋ ವಾಟ್ಸ್ಯಾಪ್‌ನಲ್ಲಿ ಸುತ್ತಮುತ್ತಲ ಊರೆಲ್ಲ ತಿರುಗಿದೆ. ಅಜ್ಜನಿಗೆ ಈಗ ‘ಹಕ್ಕಿ ಓಡಸೂ ಮುದುಕ’ ಎಂದು ಹೆಸರು. ಕ್ಯಾಮೆರಾ ಹಿಡಿದು ಬಂದ ಯಾರೋ ಅವರ ಹೊಲದ ಬದುವಿನ ಮೇಲೇ ನಿಂತು ಅವರಿಗೆ ಬುದ್ಧಿ ಹೇಳಿ ಹೋಗಿದ್ದಾರೆ. ಏಳನೇ ಇಯತ್ತೆಯಲ್ಲಿ ಓದುವ ಮೊಮ್ಮಗಳನ್ನು ಸಾಲೆಯಲ್ಲಿ ಹುಡುಗರು ಡಬ್ಬಿ ಬಡಿದು ಕಾಡಿಸುತ್ತಾರೆ.

ಆ ಬಸ್ಸಿನಲ್ಲಿದ್ದದ್ದು ನಮ್ಮಲ್ಲಿ ಇಬ್ಬರು. ಮಾಗಡಿಯಲ್ಲಿ ಇಳಿಯಬಹುದಿತ್ತು. ಇಳಿಯಲಿಲ್ಲ.

ಏನು ಮಾಡಬೇಕು ಎಂದು ಮೂರು ವಾರ ಫೋನಿನಲ್ಲೇ ಜಗಳಾಡಿದೆವು. ತಿದ್ದುಪಡಿ ಹಾಕೋಣವೆಂದರೆ ಆ ಪತ್ರಿಕೆ ಈಗ ನಮ್ಮ ಕೈಯಲ್ಲಿಲ್ಲ, ಓದು ಮುಗಿಸಿ ಬಂದಿದ್ದೇವೆ. ಅಜ್ಜನ ಹತ್ತಿರ ಇರುವುದು ಒತ್ತುವ ಗುಂಡಿಯ ಫೋನು. ಎರಡು ಸಲ ಮಾಡಿದೆವು, ಎತ್ತಲಿಲ್ಲ. ಹೋಗಿ ಕೈ ಮುಗಿದು ಬಂದರಾಯಿತು ಎಂದ ಒಬ್ಬ. ನಮ್ಮಲ್ಲಿಯ ಬೆಟಗೇರಿಯವಳು ಒಪ್ಪಲಿಲ್ಲ. “ಅವರ ಮಾನ ಹೋದದ್ದು ಕಾಗದದ ಮ್ಯಾಲೆ. ಬಾಯಿಲೆ ಸಾರಿ ಅಂದ್ರ ಅವರ ಕೈಯಾಗ ಏನು ಉಳೀತು?” ಹಾಗಾದರೆ ಕಾಗದವನ್ನೇ ಕೊಡೋಣ ಎಂಬಲ್ಲಿಗೆ ಮಾತು ಬಂದು ನಿಂತಿತು. ಕೈಯಿಂದ ಮಾಡಿದ ಒಂದು ಕಾರ್ಡು, ಮೇಲೆ ಹೆಬ್ಬಾತಿನ ಚಿತ್ರ, ಒಳಗೆ ನಾವು ಬಿಟ್ಟ ಮಾತು. ಸಂಕ್ರಾಂತಿ ಹತ್ತಿರವಿತ್ತು. ಎಳ್ಳುಬೆಲ್ಲ ಕೊಡುವ ನೆಪದಲ್ಲಿ ಯಾರ ಮನೆ ಹೊಸ್ತಿಲನ್ನಾದರೂ ತುಳಿಯಬಹುದು.

ಗದಗ ಮುದ್ರಣಕ್ಕೆ ಹೆಸರಾದ ಊರು. ಪಂಚಾಂಗ, ಕ್ಯಾಲೆಂಡರ್, ಲಗ್ನಪತ್ರಿಕೆ, ನೋಟ್‌ಬುಕ್ಕು, ಏನು ಬೇಕಾದರೂ ಅಚ್ಚಾಗುತ್ತದೆ. ಕಾಗದಕ್ಕೆ ಬರವಿಲ್ಲ ಎಂದುಕೊಂಡು ಒಂದು ಪ್ರೆಸ್ಸಿಗೆ ಹೋದೆವು. ಬೆಟಗೇರಿಯವಳ ದೂರದ ಸಂಬಂಧಿಕ ಕಾಕಾ ಅಲ್ಲಿ ಕಟಿಂಗ್ ಮಷಿನ್ ಮೇಲೆ ಇದ್ದಾರೆ. ಲಗ್ನಪತ್ರಿಕೆಗೆ ಕತ್ತರಿಸಿ ಉಳಿದ ಆರ್ಟ್ ಕಾರ್ಡಿನ ತುಂಡುಗಳನ್ನು ಒಂದು ಕಟ್ಟು ಕೊಟ್ಟರು. ನುಣುಪು, ಹೊಳಪು, ನೋಡಲು ಅಂದ. ಮನೆಗೆ ಬಂದು ನೀರಿನ ಬಣ್ಣ ಹಚ್ಚಿದರೆ ಕೆಸುವಿನ ಎಲೆಯ ಮೇಲೆ ನೀರು ಬಿದ್ದ ಹಾಗಾಯಿತು. ಬಣ್ಣ ಹನಿಹನಿಯಾಗಿ ಉರುಳಿತು. ಅಚ್ಚಿನ ಮಸಿ ಮೇಲೇ ನಿಲ್ಲಲಿ ಎಂದು ಆ ಕಾಗದಕ್ಕೆ ಲೇಪ ಕೊಟ್ಟಿರುತ್ತಾರೆ. ನೀರನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಮರುದಿನ ಕಾಕಾ ನಕ್ಕರು. “ನೀವು ಏನು ಮಾಡ್ತೀರಿ ಅಂತ ಮೊದಲ ಹೇಳಬಾರದೇನು?” ನೀರಿಗೆ ಬೇಕಾದದ್ದು ಲೇಪವಿಲ್ಲದ, ದಪ್ಪನೆಯ, ಸ್ವಲ್ಪ ಒರಟು ಮೈಯ ಕಾಗದ, 300 ಜಿಎಸ್‌ಎಂದು. ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ ತೂಗುವುದು. ನಮ್ಮ ಪತ್ರಿಕೆ ಅಚ್ಚಾಗಿದ್ದ ಕಾಗದ 45ರ ಆಸುಪಾಸು ಇರುತ್ತದೆ. ತೆಳ್ಳಗಿನದು ಒದ್ದೆಯಾದರೆ ಹಪ್ಪಳದ ಹಾಗೆ ಏಳುತ್ತದೆ. ಡ್ರಾಯಿಂಗ್ ಸಾಮಾನಿನ ಅಂಗಡಿಯಿಂದ ದೊಡ್ಡ ಹಾಳೆಗಳನ್ನು ಕೊಂಡು ಮತ್ತೆ ಕಾಕಾನ ಮುಂದೆ ಇಟ್ಟೆವು.

ಕಾಕಾ ಹಾಳೆಯ ಒಂದು ಮೂಲೆಯಿಂದ ಬೆರಳುದ್ದದ ಪಟ್ಟಿ ಕತ್ತರಿಸಿ, ಒಂದು ಬದಿಗೆ ಮಾತ್ರ ನೀರು ಸವರಿ ಅಂಗೈ ಮೇಲಿಟ್ಟರು. ಅದು ತಾನಾಗಿಯೇ ಸುರುಳಿಯಾಯಿತು. “ಸುರುಳಿಯ ಉದ್ದ ಯಾವ ಕಡೆ ಐತಿ, ಕಾಗದದ ಎಳಿ ಆ ಕಡೆ. ಎಳಿ ಗುಂಟ ಮಡಚಿದ್ರ ಮಡಿಕಿ ಕೂಡ್ತದ. ಅಡ್ಡ ಮಡಚಿದ್ರ ಬಿರೀತದ.” ಬೆಟಗೇರಿಯವಳ ಮನೆಯಲ್ಲಿ ಅಜ್ಜನ ಕಾಲದ ತನಕ ಮಗ್ಗವಿತ್ತು. ಹಾಸು ಹೊಕ್ಕು ಎಂದರೆ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಎಳೆ ನೋಡಿ, ಎ4 ಅಳತೆಗೆ ಕತ್ತರಿಸಿ, ನಡುವೆ ಸ್ಕೇಲ್ ಇಟ್ಟು, ಮಸಿ ಮುಗಿದ ರಿಫಿಲ್ಲಿನಿಂದ ಒತ್ತಿ ಗೆರೆ ಎಳೆದು, ಆಮೇಲೆ ಮಡಚಿದೆವು. ಆ ಒತ್ತುಗೆರೆ ಇಲ್ಲದೆ ದಪ್ಪ ಕಾಗದ ನೇರ ಮಡಚುವುದಿಲ್ಲ. ಹನ್ನೆರಡು ಕಾರ್ಡು ತಯಾರಾದವು. ಒಂದು ಸಾಕಾಗಿತ್ತು. ಉಳಿದ ಹನ್ನೊಂದು ಯಾಕೆ ಬೇಕಾದವು ಎಂಬುದು ಮುಂದೆ.

ಕುಂಚದ್ದು ಒಂದು ಸಣ್ಣ ಕಥೆ. ಒಂದು ಅಂಗಡಿಯಲ್ಲಿ, ಯಾವ ಊರು ಎಂಬುದು ಇಲ್ಲಿ ಬೇಡ, ದನಿ ತಗ್ಗಿಸಿ “ಮುಂಗುಸಿ ಕೂದಲದ್ದು ಬೇಕೇನ್ರಿ?” ಎಂದು ಕೇಳಿದರು. ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಇರುವ ಪ್ರಾಣಿ. ಅದರ ಕೂದಲಿನ ಕುಂಚ ಮಾರುವುದೂ ಕೊಳ್ಳುವುದೂ ಅಪರಾಧ. ಚೂಪು ತುದಿ, ನೀರು ಹಿಡಿಯುವ ಗುಣ ಎಂದು ಅದಕ್ಕೆ ಇನ್ನೂ ಗಿರಾಕಿಗಳಿದ್ದಾರೆ. ಒಂದು ಕುಂಚಕ್ಕೆ ಬೇಕಾಗುವ ಕೂದಲು ಪ್ರಾಣಿ ಸತ್ತಮೇಲೇ ಸಿಗುವಂಥದ್ದು. ಹಕ್ಕಿಯ ಚಿತ್ರ ಬರೆಯಲು ಮುಂಗುಸಿಯನ್ನು ಕೊಲ್ಲಿಸುವುದು ಬೇಡವೆಂದು ಎಂಟನೇ ನಂಬರಿನ ಗುಂಡು ಕುಂಚ, ಸಿಂಥೆಟಿಕ್‌ದು, ತಂದೆವು. ಇದನ್ನೇ ಒಂದು ವರದಿ ಮಾಡಬೇಕು ಎಂದು ಆ ದಿನ ಮಾತಾಡಿಕೊಂಡೆವು. ಇನ್ನೂ ಮಾಡಿಲ್ಲ.

ನಮ್ಮಲ್ಲಿ ಒಬ್ಬ ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಲೋವರ್, ಹೈಯರ್ ಎರಡೂ ಪಾಸಾದವನು. ಅವನು ಬರೆದ ಮೊದಲ ಹೆಬ್ಬಾತು ವಿಜ್ಞಾನ ಪುಸ್ತಕದ ಚಿತ್ರದ ಹಾಗಿತ್ತು. ಪೆನ್ಸಿಲಿನಲ್ಲಿ ಗಟ್ಟಿ ಗೆರೆ, ಗೆರೆಯೊಳಗೆ ಬಣ್ಣ, ಪ್ರತಿ ಗರಿಗೂ ಲೆಕ್ಕ. ತಪ್ಪೇನಿರಲಿಲ್ಲ. ಆದರೆ ಸತ್ತ ಹಕ್ಕಿ. ಅದನ್ನು ತೆಗೆದುಕೊಂಡು ಶಿರಹಟ್ಟಿಯಲ್ಲಿರುವ ನಮ್ಮ ಹಳೆಯ ಡ್ರಾಯಿಂಗ್ ಸರ್ ಹತ್ತಿರ ಹೋದೆವು. ಟಿ.ಪಿ. ಅಕ್ಕಿಯವರು ಗದಗದಲ್ಲಿ ಕಟ್ಟಿದ ವಿಜಯ ಕಲಾ ಮಂದಿರದಲ್ಲಿ ಕಲಿತವರು ಅವರು. ನಿವೃತ್ತರಾಗಿ ಬಹಳ ವರ್ಷವಾಯಿತು. ಫಕೀರೇಶ್ವರ ಮಠಕ್ಕೆ ಸಂಜೆ ಹೋಗಿಬರುವುದು, ಮನೆಯ ಕಟ್ಟೆಯ ಮೇಲೆ ಕೂತು ಬೀದಿಯ ಆಡು, ನಾಯಿಗಳನ್ನು ಬರೆಯುವುದು, ಇಷ್ಟೇ ಅವರ ದಿನಚರಿ. ಅವರ ಆಡುಗಳು ನಾಲ್ಕೈದು ಕುಂಚದ ಎಳೆತದಲ್ಲಿ ಮುಗಿಯುತ್ತವೆ. ಕಾಲು ಅರ್ಧ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಆದರೂ ಆ ಆಡು ಈಗ ಎದ್ದು ಯಾರದೋ ಹಿತ್ತಲಿಗೆ ನುಗ್ಗುತ್ತದೆ ಎನಿಸುತ್ತದೆ.

ನಮ್ಮ ಹೆಬ್ಬಾತನ್ನು ನೋಡಿ ಸರ್ ಕೇಳಿದ್ದು ಒಂದೇ ಪ್ರಶ್ನೆ. “ಈ ಹಕ್ಕಿ ನೋಡೀರೇನು?”

ನೋಡಿದ್ದೇವೆ ಸರ್, ಇದರ ಮೇಲೆ ವರದಿಯನ್ನೇ ಬರೆದಿದ್ದೇವೆ ಎಂದು ಫೋನಿನಲ್ಲಿದ್ದ ಪುಟ ತೋರಿಸಿದೆವು. ಅವರು ಬೆರಳಿನಿಂದ ಅದನ್ನು ಹಿಗ್ಗಿಸಿ ನೋಡಿದರು. ಪುಟದ ತುಂಬ ಅಜ್ಜನ ಕೈ, ಡಬ್ಬಿ. ಹಕ್ಕಿಗಳು ದೂರದಲ್ಲಿ ಸಾಸಿವೆ ಕಾಳಿನಷ್ಟು. ವರದಿಯಲ್ಲಿ ‘ಕೆಂಪು ಕೊಕ್ಕಿನ’ ಎಂದು ಬರೆದಿದ್ದೆವು. “ಕೆಂಪೇನು?” ಎಂದರು ಸರ್. ನಮಗೆ ಹೌದೆನ್ನಲೂ ಧೈರ್ಯ ಬರಲಿಲ್ಲ, ಅಲ್ಲವೆನ್ನಲೂ ಬರಲಿಲ್ಲ. “ಹೋಗಿ ಒಂದು ತಾಸು ಕೂತು ನೋಡಿಬರ್ರಿ. ಫೋನು ತೆಗೀಬ್ಯಾಡ್ರಿ.”

ಹಾಗೆ ಜನವರಿಯ ಒಂದು ಮುಂಜಾನೆ ಮಾಗಡಿಯ ದಂಡೆಯಲ್ಲಿ ಹೋಗಿ ಕೂತೆವು. ಅಜ್ಜನ ಹೊಲ ಆಚೆ ಕಡೆಗೆ ಕಾಣುತ್ತಿತ್ತು. ಬೇಕೆಂದೇ ಈಚೆ ಕೂತೆವು. ಅಲ್ಲಿ ಯಾರೋ ಬಗ್ಗಿ ಕೆಲಸ ಮಾಡುತ್ತಿದ್ದದ್ದು ಕಂಡಿತು. ಅಜ್ಜನೋ ಅಲ್ಲವೋ ಅಷ್ಟು ದೂರದಿಂದ ಹೇಳಲಾಗುತ್ತಿರಲಿಲ್ಲ. ನಾವು ತಲೆ ತಗ್ಗಿಸಿಕೊಂಡೇ ಇದ್ದೆವು.

ಹೆಬ್ಬಾತಿನ ಕೊಕ್ಕು ಕೆಂಪಲ್ಲ. ಹಣ್ಣಾಗುತ್ತಿರುವ ಕಿತ್ತಳೆಯ ಹಳದಿ, ತುದಿಗೆ ಮಾತ್ರ ಕಪ್ಪು ಚುಕ್ಕೆ. ಕಾಲೂ ಅದೇ ಬಣ್ಣ. ತಲೆ ಬಿಳಿ. ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟಿ. ಒಂದು ಕಣ್ಣಿನಿಂದ ಕಣ್ಣಿಗೆ ನೆತ್ತಿಯ ಹಿಂದಿನಿಂದ ಸುತ್ತಿ ಬರುತ್ತದೆ, ಇನ್ನೊಂದು ಅದರ ಕೆಳಗೆ, ಸ್ವಲ್ಪ ಗಿಡ್ಡ. ಕತ್ತಿನ ಹಿಂದೆ ಮುಂದೆ ಕಡು ಬಣ್ಣ, ಮಗ್ಗುಲಲ್ಲಿ ತಲೆಯ ಬಿಳಿ ಹಾಗೇ ಕೆಳಗೆ ಇಳಿದು ಬರುತ್ತದೆ. ಮೈ ಬೂದು. ಆದರೆ ಒಂದೇ ಬೂದು ಅಲ್ಲ, ಬೆನ್ನಿನಲ್ಲಿ ಬೂದಿ, ಪಕ್ಕೆಯಲ್ಲಿ ಹೊಗೆ. ನೆಲದ ಮೇಲೆ ನಡೆಯುವಾಗ ಮೈಭಾರಕ್ಕೆ ಅತ್ತಿತ್ತ ವಾಲುತ್ತದೆ. ಗುಂಪು ಮೇಯುವಾಗ ಒಂದೆರಡು ಮಾತ್ರ ಕತ್ತು ಎತ್ತಿ ನಿಂತಿರುತ್ತವೆ, ಕಾವಲಿಗೆ. ಕೋಳಿಯ ಹಾಗೆ ಕೆದರುವುದಿಲ್ಲ, ಕುರಿಯ ಹಾಗೆ ಕಿತ್ತು ತಿನ್ನುತ್ತದೆ. ಮೊದಲೆರಡು ಸಲ ಬಂದಾಗ ಇದರಲ್ಲಿ ಒಂದನ್ನೂ ನಾವು ನೋಡಿರಲಿಲ್ಲ. ಎಂಟು ಸಾವಿರದಷ್ಟು ಹಕ್ಕಿ ಬರುತ್ತವೆ ಎಂಬ ಅಂಕಿ ಮಾತ್ರ ಬರೆದುಕೊಂಡು ಹೋಗಿದ್ದೆವು.

ಇನ್ನು ಸರ್ ಹೇಳಿಕೊಟ್ಟದ್ದು. ಪೆನ್ಸಿಲಿನಿಂದ ಮೂರೇ ಗುರುತು: ತಲೆ ಎಲ್ಲಿಗೆ ಮುಗಿಯುತ್ತದೆ, ಬಾಲ ಎಲ್ಲಿಗೆ, ನೀರಿನ ಗೆರೆ ಎಲ್ಲಿ. ಅಷ್ಟೇ. ಆಮೇಲೆ ಬರೀ ನೀರಿನಲ್ಲಿ ಹಕ್ಕಿಯ ಮೈಯನ್ನು ಬರೆಯಬೇಕು. ಕಾಗದ ಒದ್ದೆಯಾಗಿ ಹೊಳೆಯುತ್ತದೆ, ಬೇರೇನೂ ಕಾಣುವುದಿಲ್ಲ. ಆ ಹೊಳಪು ಆರುವುದರೊಳಗೆ ಬೆನ್ನಿನ ಕಡೆಯಿಂದ ಬಣ್ಣ ಬಿಡಬೇಕು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯನ್ನಾ ಕಂದು ಕೂಡಿಸಿದರೆ ಚಂದದ ಬೂದು ಹುಟ್ಟುತ್ತದೆ. ಕಪ್ಪು ಬಣ್ಣದಿಂದ ಮಾಡಿದ ಬೂದು ಮಸಿ ಹಿಡಿದ ಪಾತ್ರೆಯ ಹಾಗೆ ಕಾಣುತ್ತದೆ. ಬಿಟ್ಟ ಬಣ್ಣ ನೀರು ಇದ್ದಲ್ಲೆಲ್ಲ ತಾನೇ ಹರಡಿಕೊಳ್ಳುತ್ತದೆ. ನಾವು ಕಾರ್ಡನ್ನು ಸ್ವಲ್ಪ ಓರೆ ಹಿಡಿದು ದಾರಿ ತೋರಿಸಬೇಕು, ಅಷ್ಟೇ. ಬಿಳಿ ಬಣ್ಣ ಹಚ್ಚುವ ಮಾತೇ ಇಲ್ಲ. ತಲೆಯ ಬಿಳಿ ಎಂದರೆ ನಾವು ಮುಟ್ಟದೆ ಬಿಟ್ಟ ಕಾಗದ. ಮೈ ಪೂರ್ತಿ ಆರಿದ ಮೇಲೆ ಎರಡು ಪಟ್ಟಿ, ಕಣ್ಣು, ಕೊಕ್ಕು.

“ಕುಂಚದ ಹಿಂದಿನ ತುದಿ ಹಿಡೀರಿ, ಅದೇನು ಪೆನ್ನಲ್ಲ” ಎನ್ನುತ್ತಿದ್ದರು. “ಮತ್ತ ತಿದ್ದಬ್ಯಾಡ್ರಿ. ಆಗಿದ್ದು ಆತು.”

ತಿದ್ದಿದೆವು. ಎರಡನೆಯ ಕಾರ್ಡಿನಲ್ಲಿ ಅರ್ಧ ಆರಿದ ಬಣ್ಣದ ಮೇಲೆ ಒದ್ದೆ ಕುಂಚ ಇಟ್ಟೆವು. ಹೊಸ ನೀರು ಹಳೆ ಬಣ್ಣವನ್ನು ಅಂಚಿಗೆ ತಳ್ಳಿ ಹಕ್ಕಿಯ ಎದೆಯ ಮೇಲೆ ಒಂದು ಹೂಕೋಸು ಎದ್ದಿತು. ಮೂರನೆಯದರಲ್ಲಿ ಪಟ್ಟಿಗಳನ್ನು ಅವಸರದಿಂದ ಬರೆದು ಅವು ತಲೆಯ ತುಂಬ ಹರಡಿದವು, ಹಕ್ಕಿ ಮುಸುಕು ಹಾಕಿಕೊಂಡಿತು. ನಾಲ್ಕನೆಯದು ಬರೆದದ್ದು ಮುಂಡರಗಿ ಕಡೆಯ ನಮ್ಮ ಗೆಳೆಯನ ಮನೆಯ ಮಾಳಿಗೆಯ ಮೇಲೆ. ಕಪ್ಪತಗುಡ್ಡದ ಕಡೆಯಿಂದ ಬರುವ ಒಣ ಗಾಳಿಗೆ ನೀರು ಹಚ್ಚಿ ಕುಂಚ ಎತ್ತುವುದರೊಳಗೆ ಕಾಗದ ಆರಿರುತ್ತಿತ್ತು. ಸುಮ್ಮನೆ ಆ ಗುಡ್ಡದ ಮೇಲೆ ಅಷ್ಟು ಗಾಳಿಗಿರಣಿ ನಿಲ್ಲಿಸಿಲ್ಲ. ಕೊನೆಗೆ ಕಾಗದದ ಎರಡೂ ಬದಿ ಒದ್ದೆ ಮಾಡಿ ಸ್ಟೀಲ್ ಪರಾತದ ಬೆನ್ನಿಗೆ ಅಂಟಿಸಿಕೊಂಡು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತೆವು.

ಆ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಣ್ಣೆತ್ತಿನ ಅಮಾವಾಸ್ಯೆಗೆ ಆ ಓಣಿಯ ಅರ್ಧ ಮನೆಗಳಿಗೆ ಎತ್ತು ಮಾಡಿಕೊಡುವುದು ಈ ಅಜ್ಜಿಯೇ. ಒಂದು ಮುದ್ದೆ ಎರಿಮಣ್ಣು ತೆಗೆದುಕೊಂಡು, ನಾಲ್ಕು ಕಡೆ ಎಳೆದರೆ ಕಾಲು, ಬೆನ್ನ ಮೇಲೆ ಚಿವುಟಿದರೆ ಇಣಿ, ಮುಂದೆ ಎರಡು ಚಿವುಟು ಕೋಡು. ಕಣ್ಣಿಗೆ ಎರಡು ಜೋಳದ ಕಾಳು. ಬಾಯಿ ಮಾಡುವುದೇ ಇಲ್ಲ. “ಬಾಯಿ ಯಾಕ ಮಾಡೂದಿಲ್ಲ ಅಜ್ಜಿ?” ಎಂದು ಕೇಳಿದೆವು. “ಇಣಿ ಸರಿ ಬಂದ್ರ ಎತ್ತು ಆತು. ಇಣಿ ತಪ್ಪಿದ್ರ ಹತ್ತು ಬಾಯಿ ಮಾಡಿದ್ರೂ ನಾಯಿ ಆಕ್ಕೈತಿ.” ನಾವು ಹೆಬ್ಬಾತಿನ ಇಣಿ ಯಾವುದು ಎಂದು ಹುಡುಕತೊಡಗಿದೆವು. ಕತ್ತು ಮೈಗೆ ಸೇರುವ ಆ ಬಾಗು ಎಂದು ಒಬ್ಬಳು, ತಲೆಯ ಎರಡು ಪಟ್ಟಿ ಎಂದು ಒಬ್ಬ. ಎರಡೂ ಸರಿ ಎಂದು ಈಗ ತೋರುತ್ತದೆ.

ಒಂಬತ್ತನೆಯ ಕಾರ್ಡು ಬಂತು. ಹೇಗೆ ಬಂತೆಂದು ಕೇಳಿದರೆ ಹೇಳಲಾರೆವು. ಬೂದು ಬೆನ್ನಿನಿಂದ ಹರಿದು ಪಕ್ಕೆಯಲ್ಲಿ ತೆಳುವಾಗಿ, ಹೊಟ್ಟೆಯ ಹತ್ತಿರ ಕಾಗದದ ಬಿಳಿಯಲ್ಲಿ ಕರಗಿಹೋಗಿತ್ತು. ಕಾಲು ಬರೆಯಲೇ ಇಲ್ಲ. ಕೆಳಗೆ ನೀಲಿಯ ಒಂದು ಅಡ್ಡ ಎಳೆತ, ಅದೇ ಕೆರೆ. ಕತ್ತು ಎತ್ತಿ ನಿಂತದ್ದು, ಕಾವಲಿನ ಹಕ್ಕಿ. ಒದ್ದೆಯಿದ್ದಾಗ ಕಡುವಾಗಿ ಕಂಡ ಬಣ್ಣ ಆರಿದ ಮೇಲೆ ಒಂದು ಪಾಲು ಮಾಸಿತು, ಅದೂ ಚೆನ್ನಾಗಿಯೇ ಆಯಿತು. ಹತ್ತು, ಹನ್ನೊಂದು, ಹನ್ನೆರಡನ್ನು ಆಸೆಗೆ ಬಿದ್ದು ಕೆಡಿಸಿದೆವು.

ಚಿತ್ರಕ್ಕಿಂತ ಒಳಗಿನ ಮಾತು ಕಷ್ಟವಾಯಿತು. ಮೊದಲ ಕರಡಿನಲ್ಲಿ ‘ಪ್ರಮಾದವಶಾತ್’ ಎಂಬ ಪದವಿತ್ತು. ಎರಡನೆಯದರಲ್ಲಿ ‘ವಿಷಾದಿಸುತ್ತೇವೆ’. ಪತ್ರಿಕೆಗಳ ಒಳಪುಟದ ಮೂಲೆಯಲ್ಲಿ ಬೆರಳಗಲದ ತಿದ್ದುಪಡಿ ಬರುತ್ತದಲ್ಲ, ಅದೇ ಭಾಷೆ. ಮೂರನೆಯದರಲ್ಲಿ ಸ್ಥಳಾಭಾವದ ಕಾರಣ ವಿವರಿಸಿದ್ದೆವು. ಬೆಟಗೇರಿಯವಳು ಓದಿ ಕೇಳಿದಳು, “ಇದು ಕ್ಷಮೆ ಕೇಳೂದೋ, ನಮ್ಮನ್ನ ನಾವು ಬಿಡಿಸಿಕೊಳ್ಳೂದೋ?” ನಾವು ಆಗ ಕೂತಿದ್ದದ್ದು ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಅಂಗಳದಲ್ಲಿ. ಲಕ್ಷ್ಮೇಶ್ವರ ಎಂದರೆ ಹಳೆಯ ಪುಲಿಗೆರೆ. ಕನ್ನಡದ ತಿರುಳು ಇರುವ ಊರುಗಳೆಂದು ಕವಿರಾಜಮಾರ್ಗ ಹೆಸರಿಸುವ ನಾಲ್ಕರಲ್ಲಿ ಒಂದು. ಅಂಥ ಊರಲ್ಲಿ ಕೂತು ಪತ್ರಿಕೋದ್ಯಮ ಓದಿದ ಮೂವರಿಗೆ ಒಂದು ನೇರ ವಾಕ್ಯ ಬರೆಯಲು ಮಧ್ಯಾಹ್ನವಿಡೀ ಬೇಕಾಯಿತು.

ಕೊನೆಗೆ ಬರೆದದ್ದು ಇಷ್ಟು: “ಅಜ್ಜಾರ, ಕೆರಿ ಕಡೆ ನಾಲ್ಕು ಸಾಲು ನೀವು ಹಕ್ಕಿಗೆ ಬಿಡ್ತೀರಿ. ನೀವು ಹೇಳಿದ್ರಿ, ನಾವು ಬರಕೊಂಡಿದ್ವಿ, ಆದ್ರ ಅಚ್ಚು ಹಾಕಲಿಲ್ಲ. ತಪ್ಪು ನಮ್ಮದು.” ಕೆಳಗೆ ಮೂವರ ಹೆಸರು.

ಸಂಕ್ರಾಂತಿಯ ಮರುದಿನ ಹೋದೆವು. ಕಡಲೆ ಕಾಯಿ ಕಟ್ಟಿತ್ತು. ಅಜ್ಜ ಹೊಲದಲ್ಲೇ ಇದ್ದರು, ಮೊಮ್ಮಗಳೂ ಇದ್ದಳು. ನಮ್ಮನ್ನು ಕಂಡು ಎದ್ದು ನಿಲ್ಲಲಿಲ್ಲ, ಮುಖ ತಿರುಗಿಸಲೂ ಇಲ್ಲ. “ಬರ್ರಿ, ಕೂಡ್ರಿ” ಎಂದರು. ಎಳ್ಳುಬೆಲ್ಲ ಕೊಟ್ಟು ಕಾಲು ಮುಟ್ಟಿದೆವು. ಆಮೇಲೆ ಕಾರ್ಡು.

ಚಿತ್ರವನ್ನು ಕೈಯಳತೆ ದೂರ ಹಿಡಿದು ಬಹಳ ಹೊತ್ತು ನೋಡಿದರು. “ಕಾಲು ಎಲ್ಲಿ ಅದಾವ?”

“ನೀರಾಗ ಅದಾವ್ರಿ ಅಜ್ಜಾರ.”

“ಹೂಂ. ಕತ್ತು ಬರೋಬ್ಬರಿ ಬಂದೈತಿ. ಕಾಯೂ ಹಕ್ಕಿ ಇದು.”

ನಮಗೆ ಅಷ್ಟು ಸಾಕಿತ್ತು, ನಿಜ ಹೇಳಬೇಕೆಂದರೆ. ಆದರೆ ಒಳಗಿನದನ್ನು ಮೊಮ್ಮಗಳು ಓದಿದಳು. ಮೊದಲು ಮನಸ್ಸಿನಲ್ಲೇ, ಆಮೇಲೆ ಅಜ್ಜನಿಗೆ ಕೇಳುವ ಹಾಗೆ. ಓದಿ ಮುಗಿಸಿ ಕಾರ್ಡಿನ ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಅವತ್ತು ಬಂದದ್ದು ಅಚ್ಚಿನ್ಯಾಗ ಬಂದಿತ್ತು. ಇದು ಕೈಲೆ ಬರದೀರಿ. ಸಾಲ್ಯಾಗ ತೋರಿಸಿದ್ರ ನಂಬ್ತಾರೇನು?”

ನಮ್ಮಲ್ಲಿ ಯಾರಿಗೂ ಮಾತು ಬರಲಿಲ್ಲ. ಅಜ್ಜನೇ “ಇರ್ಲಿ ಬಿಡ ಯವ್ವಾ” ಎಂದರು. ಅವಳು ಬಿಡಲಿಲ್ಲ. ಅಚ್ಚಿನಲ್ಲಿ ಬರಬೇಕು, ಎಲ್ಲಿಯಾದರೂ ಸರಿ, ಫೋನಿನಲ್ಲಿ ತೆರೆದು ತೋರಿಸುವ ಹಾಗಿರಬೇಕು ಎಂದಳು. ಅಜ್ಜ ತಮ್ಮ ಹೆಸರು ಬೇಡವೆಂದರು. “ಊರಾಗ ಎಲ್ಲಾರಿಗೂ ಗೊತ್ತಾಗೇ ಆಕ್ಕೈತಿ, ಹೆಸರ್ಯಾಕ?” ಈ ಬರಹ ಇಲ್ಲಿ ಬರುತ್ತಿರುವುದು ಹಾಗೆ. ಕಾರ್ಡಿನ ಕೆಳಗೆ, ನಮ್ಮ ಹೆಸರುಗಳ ಪಕ್ಕ, ಅವಳು ಹೇಳಿದಂತೆ ತಾರೀಖು ಮತ್ತು ಫೋನ್ ನಂಬರನ್ನೂ ಬರೆದುಕೊಟ್ಟೆವು. ಯಾರಾದರೂ ನಂಬದಿದ್ದರೆ ಫೋನ್ ಮಾಡಿಸುತ್ತಾಳಂತೆ.

ಸುಣ್ಣದ ಕಲ್ಲು ಅಲ್ಲೇ ಇತ್ತು, ಆದರೆ ಮೊದಲಿನ ಜಾಗದಲ್ಲಿರಲಿಲ್ಲ. ನಾವು ಅದನ್ನೇ ನೋಡುತ್ತಿರುವುದನ್ನು ಕಂಡು ಅಜ್ಜ ಹೇಳಿದರು. “ಈ ಸಲ ಎರಡ ಸಾಲು ಬಿಟ್ಟೇನಿ. ಬೀಜ, ಗೊಬ್ಬರ ಎಲ್ಲಾ ತುಟ್ಟಿ ಆಗ್ಯಾವ. ನಿಮ್ಮ ಪೇಪರ್ ಬಂದ ಮ್ಯಾಲೆ ಸಿಟ್ಟಿಗೆದ್ದು ಒಂದೂ ಬಿಡಬಾರದು ಅಂದಿದ್ನಿ. ಆಮ್ಯಾಲೆ, ಅವೇನು ಓದ್ಯಾವೇನು ನಿಮ್ಮ ಪೇಪರು ಅನಿಸ್ತು.” ಹಾಗೆ ಬರೆಯಬಹುದೇ ಎಂದು ಕೇಳಿದೆವು. “ಎರಡ ಅಂತನ ಬರೀರಿ. ನಾಕ ಅನ್ನೂದು ಹೋದ ವರ್ಷದ್ದು.”

ಹೊತ್ತು ಇಳಿಯಿತು. ಕೆರೆಯ ಕಡೆಯಿಂದ ಮೊದಲ ಗುಂಪು ಎದ್ದ ಸದ್ದು ಕೇಳಿತು. ಅಜ್ಜ ಮಂಡಿ ಹಿಡಿದುಕೊಂಡು ಏಳಲು ನೋಡಿ, ಮತ್ತೆ ಕೂತು, ಡಬ್ಬಿಯನ್ನು ನಮ್ಮ ಕಡೆ ಸರಿಸಿದರು. “ತಮ್ಮಾ, ಕಲ್ಲು ದಾಟಿದ್ರ ಅಷ್ಟ ಬಡೀರಿ. ಅದಕ್ಕಿಂತ ಮೊದಲ ಬ್ಯಾಡ.”

ಗಾಳಿಗೆ ಹಾರಬಾರದೆಂದು ಹುಡುಗಿ ಕಾರ್ಡಿನ ಮೇಲೆ ಬುತ್ತಿಡಬ್ಬಿ ಇಟ್ಟಳು. ಹಕ್ಕಿಗಳು ಎರಡು ಸಾಲಿನಲ್ಲಿ ಇಳಿದವು, ಮೇಯ್ದವು. ನಾವು ಕೋಲು ಹಿಡಿದು ನಿಂತೆವು. ಗದಗಕ್ಕೆ ಹೋಗುವ ಬಸ್ಸು ಆ ಹೊತ್ತಿಗೆ ಹೋಗಿಬಿಟ್ಟಿತು. ಸುಮಾರು ಅರ್ಧ ತಾಸಿನ ಮೇಲೆ ಒಂದು ಹೆಬ್ಬಾತು ಕಲ್ಲು ದಾಟಿತು.